ಐದು ಥಿಯೇಟರ್ ಸಾಕು

ನಮಸ್ಕಾರ. ಊಟ ಆದ ಮೇಲಿನ ಹೊತ್ತಿಗೆ ನನ್ನನ್ನು ನಿಲ್ಲಿಸಿದ್ದಾರೆ. ನಿದ್ದೆ ಬಂದರೆ ಮಾಡಿ, ಬೇಜಾರಿಲ್ಲ. ನನ್ನ ಸಿನಿಮಾದಲ್ಲೂ ಮಾಡಿದ್ದಾರೆ.

ಇಲ್ಲಿರುವ ಅರ್ಧ ಜನರ ಹಾರ್ಡ್‌ಡಿಸ್ಕ್‌ನಲ್ಲಿ ಒಂದೊಂದು ಮುಗಿದ ಸಿನಿಮಾ ಇದೆ. ಸೆನ್ಸಾರ್ ಆಗಿದೆ. ಗಾಂಧಿನಗರದ ವಿತರಕರ ಮೆಟ್ಟಿಲು ಹತ್ತಿ ಇಳಿದಿದ್ದೂ ಆಗಿದೆ. 'ಚೆನ್ನಾಗಿದೆ ಸಾರ್, ಆದ್ರೆ ಹೀರೋ ಯಾರು?' ಅಂತ ಕೇಳಿಸಿಕೊಂಡಿದ್ದೀರಿ, ಅಲ್ವಾ? ಈಗ ಹಟಕ್ಕೆ ಬಿದ್ದು ನಾವೇ ರಿಲೀಸ್ ಮಾಡುತ್ತೇವೆ ಅನ್ನುತ್ತೀರಿ. ಮಾಡಿ. ಆದರೆ ಐದೇ ಥಿಯೇಟರ್ ಹಿಡಿಯಿರಿ.

ನಾನು 42 ಹಿಡಿದೆ. ಪೇಪರ್ ಜಾಹೀರಾತಿನಲ್ಲಿ ಊರುಗಳ ಹೆಸರು ಸಾಲಾಗಿ ನೋಡುವ ಚಪಲ. ಒಂದು ಕಡೆ ವಾರದ ಬಾಡಿಗೆ ಮುಂಗಡ, ಇನ್ನೊಂದು ಕಡೆ ಕಲೆಕ್ಷನ್‌ನಲ್ಲಿ ಪರ್ಸೆಂಟೇಜ್. ಎಲ್ಲ ಕಡೆಗೂ ಡಿಜಿಟಲ್ ಪ್ರೊಜೆಕ್ಷನ್ ಚಾರ್ಜು, ಪೋಸ್ಟರ್, ಥಿಯೇಟರ್‌ನಲ್ಲಿ ನಮ್ಮ ಪರವಾಗಿ ಲೆಕ್ಕ ನೋಡುವ ರೆಪ್ರೆಸೆಂಟೇಟಿವ್ ಭತ್ಯೆ. ಜನ ಬರಲಿ ಬಿಡಲಿ, ಇದಂತೂ ಹೋಗುತ್ತದೆ.

ತಿಪಟೂರಿನ ಕಥೆ ಹೇಳಬೇಕು. ಕೇಳಿದವರು ಇನ್ನೊಮ್ಮೆ ಕೇಳಿ. ಶುಕ್ರವಾರ, ಮ್ಯಾಟ್ನಿ. 'ಹದಿನೈದು ಜನ ಇಲ್ದಿದ್ರೆ ಶೋ ಇಲ್ಲ ಸಾರ್, ಕರೆಂಟ್ ಕಾಸೂ ಹುಟ್ಟಲ್ಲ' ಅಂದರು ಮ್ಯಾನೇಜರು. ತಲೆ ಎಣಿಸಿದೆ. ಹನ್ನೊಂದು. ನಾಲ್ಕು ಟಿಕೆಟ್ ನಾನೇ ತಗೊಂಡೆ. ಒಂದು ನನಗೆ, ಒಂದು ಡ್ರೈವರ್‌ಗೆ, ಎರಡು ಎದುರಿನ ಟೀ ಅಂಗಡಿ ಹುಡುಗರಿಗೆ. ನನ್ನದೇ ಸಿನಿಮಾ, ನನ್ನದೇ ಟಿಕೆಟ್, ಮೇಲೆ ಜಿಎಸ್‌ಟಿ ಬೇರೆ!

ಆದರೂ ಶೋ ಶುರುವಾಗಲಿಲ್ಲ. ಕೀ ಬಂದಿರಲಿಲ್ಲ. ಫೈಲು ಬೀಗ ಹಾಕಿಕೊಂಡೇ ಬರುತ್ತದೆ, ಇಂಥ ಸರ್ವರ್‌ಗೆ ಇಂಥ ತಾರೀಖಿಗೆ ಅಂತ ಕೀ ಬೇರೆ ತರಿಸಬೇಕು, ಗೊತ್ತಲ್ಲ. ರಾತ್ರಿ ಎರಡು ಗಂಟೆಗೆ ಕೂತು 42 ಥಿಯೇಟರ್‌ಗಳ ಪಟ್ಟಿ ಮಾಡಿದವನು ನಾನೇ. ತಿಪಟೂರು ಬಿಟ್ಟುಹೋಗಿತ್ತು. ಕೀ ಬರಲು 50 ನಿಮಿಷ ಹಿಡಿಯಿತು. ಹನ್ನೊಂದರಲ್ಲಿ ಏಳು ಜನ ಎದ್ದು ಹೋದರು. ಟೀ ಅಂಗಡಿ ಹುಡುಗರೂ ಹೋದರು, ಅವರದು ಫ್ರೀ ಟಿಕೆಟ್!

ಉಳಿದವರಲ್ಲಿ ಒಬ್ಬರು ರಿಟೈರ್ಡ್ ಮೇಷ್ಟ್ರು. ಸಿನಿಮಾ ಮುಗಿದ ಮೇಲೆ ನನ್ನ ಕೈ ಹಿಡಿದುಕೊಂಡು 'ಭಾನುವಾರ ಮನೆಯೋರ್‍ನೆಲ್ಲ ಕರಕೊಂಡು ಬರ್ತೀನಪ್ಪ' ಅಂದರು. ಬಂದರು ಕೂಡ, ಎರಡು ಆಟೋದಲ್ಲಿ. ಅಷ್ಟರಲ್ಲಿ ನಮ್ಮ ಪೋಸ್ಟರ್ ಮೇಲೆ ಬೇರೆ ಪೋಸ್ಟರ್ ಬಿದ್ದಿತ್ತು. ಅಲ್ಲಿ ಪರ್ಸೆಂಟೇಜ್ ಲೆಕ್ಕ. ಶನಿವಾರದ ಕಲೆಕ್ಷನ್ ನೋಡಿ ತೆಗೆದರು. ಅವರನ್ನು ಬೈಯುವಂತಿಲ್ಲ.

ನಮ್ಮಂಥ ಸಿನಿಮಾ ಬಾಯಿಂದ ಬಾಯಿಗೆ ಹೋಗಬೇಕು. ಅದಕ್ಕೆ ಎರಡು ವಾರ ಬೇಕು. ಮಲ್ಟಿಪ್ಲೆಕ್ಸ್ ಲೆಕ್ಕವೂ ನಮಗೆ ಉಲ್ಟಾ. 2009ರಲ್ಲಿ ಹಿಂದಿ ನಿರ್ಮಾಪಕರು ಎರಡು ತಿಂಗಳು ಸಿನಿಮಾ ಬಿಡದೆ ಜಗಳವಾಡಿ ತಂದ ಟಿಕೆಟ್ ದುಡ್ಡಿನ ಶೇರ್ ನೋಡಿ. ಮೊದಲ ವಾರ ನಿರ್ಮಾಪಕರ ಕಡೆಗೆ 50 ಪರ್ಸೆಂಟ್, ಎರಡನೇ ವಾರ 42.5, ಮೂರನೇ ವಾರ 37.5, ಆಮೇಲೆ 30. ಸ್ಟಾರ್ ಸಿನಿಮಾಗೆ ಸರಿ, ಅದರ ಜನ ಮೊದಲ ದಿನವೇ ಬರುತ್ತಾರೆ. ನಮ್ಮ ಮೇಷ್ಟ್ರಂಥವರು ಹೇಳಿ ಕರೆತರುವ ಜನ ಎರಡನೇ ವಾರ ಬರುವವರು. ಅದಕ್ಕೇ ಹೇಳುವುದು, ಐದು ಥಿಯೇಟರ್. ಉಳಿದ ದುಡ್ಡು ಎರಡನೇ ವಾರಕ್ಕೆ ಇಟ್ಟುಕೊಳ್ಳಿ.

ಕೇರಳದಲ್ಲಿ ನಿರ್ದೇಶಕ ಜಾನ್ ಅಬ್ರಹಾಂ ಮತ್ತು ಅವರ ಒಡೆಸ್ಸಾ ಅನ್ನುವ ಬಳಗದ ಗೆಳೆಯರು 1986ರ 'ಅಮ್ಮ ಅರಿಯಾನ್'ಗೆ ಊರೂರು ತಿರುಗಿ ಚಂದಾ ಎತ್ತಿದರು. ತೋರಿಸಿದ್ದೂ ಊರೂರಿಗೆ ಹೊತ್ತುಕೊಂಡು ಹೋಗಿಯೇ. ನಮ್ಮಲ್ಲಿ 2013ರ 'ಲೂಸಿಯಾ'ಕ್ಕೂ ಜನರೇ ದುಡ್ಡು ಹಾಕಿದ್ದರು. ಚಂದಾ ಕೊಟ್ಟವನು ಸುಮ್ನೆ ಮನೆಯಲ್ಲಿ ಕೂರುತ್ತಾನಾ? ನಾಲ್ಕು ಜನಕ್ಕೆ ಹೇಳಿಕೊಂಡು ಬರುತ್ತಾನೆ. ಇದರ ಬಗ್ಗೆ ಜಾಸ್ತಿ ಹೇಳಬೇಕಿತ್ತು...

ಚೀಟಿ ಬಂತು. ಎರಡು ನಿಮಿಷವಂತೆ. ಬೆಳಗಿನ ಹತ್ತರ ಶೋ ಕೊಟ್ಟರೆ ಬೇಡ ಅನ್ನಿ, ಸಂಜೆಯದು ಒಂದೇ ಇದ್ದರೂ ಸಾಕು. ಕೌಂಟರ್ ಹತ್ತಿರ ನಿಮ್ಮವರೊಬ್ಬರು ಇರಲಿ. ಡೈಲಿ ಕಲೆಕ್ಷನ್ ರಿಪೋರ್ಟ್ ಅದೇ ರಾತ್ರಿ ತರಿಸಿಕೊಳ್ಳಿ. ಪೋಸ್ಟರ್ ವಿಷಯ ಬಿಟ್ಟೆ, ಟೀ ಬ್ರೇಕ್‌ನಲ್ಲಿ ಕೇಳಿ.

ನನ್ನ ಎರಡನೇ ಸಿನಿಮಾ ಐದೇ ಥಿಯೇಟರಿಗೆ ಬರುತ್ತಿದೆ. ತಿಪಟೂರೂ ಇದೆ. ಮೊನ್ನೆ ಮೇಷ್ಟ್ರಿಗೆ ಫೋನ್ ಮಾಡಿದ್ದೆ. 'ಬರ್ತೀವಪ್ಪ' ಅಂದರು. 'ಈ ಸಲ ಬೀಗದ ಕೈ ಮರೀಬೇಡ.'