ಪಂದಿಕರಿಯ ಮೇಲೆ ಅಪವಾದ

ಕೇಳುಗರಿಗೆ ನಮಸ್ಕಾರ. ಮೊಡವೆ ಎದ್ದ ಹುಡುಗ ಪಂದಿಕರಿಗೆ, ಅಂದರೆ ಹಂದಿಮಾಂಸದ ಸಾರಿಗೆ, ಕೈಹಾಕಿದರೆ ಸಾಕು, ಕೊಡಗಿನ ಮನೆಯಲ್ಲಿ ಯಾರಾದರೊಬ್ಬರು ಗದರುತ್ತಾರೆ: 'ಕೊಬ್ಬು ತಿನ್ನಬೇಡ, ಎಲ್ಲಾ ಮುಖಕ್ಕೇ ಬರೋದು.' ತಟ್ಟೆಯ ಕೊಬ್ಬು ಹಾಗೆ ನೇರ ಮುಖಕ್ಕೆ ಜಿನುಗುವುದಿಲ್ಲ. ಅನುಮಾನಿಸಬೇಕಾದದ್ದು ಪಕ್ಕದಲ್ಲಿರುವ ಅಕ್ಕಿಯ ಉಂಡೆ, ಕಡಂಬುಟ್ಟು; ಅದನ್ನು ಎಣಿಸಿ ನೋಡಿ.

ಮುಖದ ಜಿಡ್ಡು ತಯಾರಾಗುವುದು ಕೂದಲ ಬುಡದ ಪುಟ್ಟ ಗ್ರಂಥಿಯಲ್ಲಿ. ಅದರಲ್ಲಿ ಅರ್ಧಕ್ಕೂ ಹೆಚ್ಚು ಟ್ರೈಗ್ಲಿಸರೈಡ್ ಎಂಬ ಕೊಬ್ಬು ಮತ್ತು ಕೊಬ್ಬಿನಾಮ್ಲ, ಸುಮಾರು ಕಾಲುಭಾಗ ಮೇಣ, ಶೇಕಡಾ 12ರಷ್ಟು ಸ್ಕ್ವಾಲೀನ್ ಎಂಬ ಎಣ್ಣೆಯಂಥ ವಸ್ತು. ಅಕ್ಕಿ, ಸಕ್ಕರೆ ಬೇಗ ಕರಗಿ ರಕ್ತಕ್ಕೆ ಸೇರಿದಾಗ ಇನ್ಸುಲಿನ್ ಏರುತ್ತದೆ. ಅದು ಐಜಿಎಫ್-1 ಎಂಬ ಬೆಳವಣಿಗೆಯ ಹಾರ್ಮೋನಿಗೂ ಬಲ ಕೊಡುತ್ತದೆ. ಎರಡೂ ಸೇರಿ ಗ್ರಂಥಿಯ ದುಡಿಮೆ ಹೆಚ್ಚಿಸುತ್ತವೆ. ಜಿಡ್ಡಿನ ಪ್ರಮಾಣವಷ್ಟೇ ಅಲ್ಲ, ಗುಣವೂ ಮುಖ್ಯ. ಮೊಡವೆಯವರ ಜಿಡ್ಡಿನಲ್ಲಿ ಲಿನೋಲೆಯಿಕ್ ಆಮ್ಲ ಎಂಬ ಕೊಬ್ಬಿನಾಮ್ಲ ಕಡಿಮೆ, ಸ್ಕ್ವಾಲೀನ್ ಹೆಚ್ಚು. ಗಾಳಿ, ಬಿಸಿಲಿಗೆ ಸ್ಕ್ವಾಲೀನ್ ಕೆಟ್ಟು ರಂಧ್ರದ ಒಳಗೋಡೆಯನ್ನು ಕೆರಳಿಸುತ್ತದೆ. ಗೋಡೆ ದಪ್ಪವಾಗಿ ಬಾಯಿ ಕಟ್ಟುತ್ತದೆ. ಅಲ್ಲಿ ಕಾಣುವ ಕಪ್ಪು ಚುಕ್ಕೆ ಕೊಳೆಯಲ್ಲ, ಉಜ್ಜಿದರೆ ಹೋಗುವುದೂ ಇಲ್ಲ.

ಮೆಲ್ಬರ್ನಿನಲ್ಲಿ 43 ಯುವಕರ ಮೇಲೆ 12 ವಾರ ನಡೆದ ಪರೀಕ್ಷೆಯ ಫಲ 2007ರಲ್ಲಿ ಪ್ರಕಟವಾಯಿತು. ರಕ್ತದ ಸಕ್ಕರೆಯನ್ನು ನಿಧಾನ ಏರಿಸುವ ಊಟ ಮಾಡಿದವರಲ್ಲಿ ಮೊಡವೆ ಹೆಚ್ಚು ಇಳಿದಿತ್ತು. ಅವರ ತೂಕವೂ ಇಳಿದಿತ್ತಾದ್ದರಿಂದ ಯಶಸ್ಸೆಲ್ಲ ಊಟದ್ದೇ ಎನ್ನಲಾಗದು.

ಈಗ ಕಾಫಿ. ದಿನಕ್ಕೆ 4 ಲೋಟ, ಲೋಟಕ್ಕೆ 2 ಚಮಚ, ಚಮಚಕ್ಕೆ 4 ಗ್ರಾಂ. 32 ಗ್ರಾಂ ಸಕ್ಕರೆ ಕುಡಿದೇ ಹೋಯಿತು. ಬೆಲ್ಲದ ಕಾಫಿ, ಜೇನು ಎಂದರೂ ಇನ್ಸುಲಿನ್ ಮೋಸಹೋಗುವುದಿಲ್ಲ. ಮೊದಲು ಕಾಫಿಯ ಈ ಸಿಹಿಯನ್ನು ನಿಲ್ಲಿಸಿ. ಆಮೇಲೆ 6 ಕಡಂಬುಟ್ಟಿದ್ದಲ್ಲಿ 3 ಇಟ್ಟು, ಉಳಿದ ಜಾಗಕ್ಕೆ ಸೊಪ್ಪು, ಕಡಲೆ, ಬೈಂಬಳೆ (ಬಿದಿರಿನ ಕಳಲೆ) ಬಡಿಸಿ. ಅಕ್ಕಿ ಶಾವಿಗೆಯಾದ ನೂಪುಟ್ಟಿಗೂ ಅದೇ ಲೆಕ್ಕ. ಜಿಮ್ಮಿನ ವ್ಹೇ ಪುಡಿ (ಹಾಲಿನ ಪ್ರೋಟೀನಿನ ಪುಡಿ) ತಿನ್ನುವವರು ಅದನ್ನು ಬಿಟ್ಟು ನೋಡಲೇಬೇಕು. ಹಾಲಿನ ಮೇಲೂ ಅನುಮಾನವಿದೆ, ಕೆನೆ ತೆಗೆದ ಹಾಲಿನ ಮೇಲೆ ಇನ್ನೂ ಹೆಚ್ಚು. ಬಿಡುವುದಾದರೆ ಕ್ಯಾಲ್ಸಿಯಂಗೆ ರಾಗಿ ಇರಲಿ.

ಹೆಚ್ಚಿನವರು ಸೋಲುವುದು ಹತ್ತನೇ ದಿನಕ್ಕೆ. ಇಂದು ಎದ್ದ ಮೊಡವೆ ಒಳಗೆ ಕಟ್ಟಲು ಶುರುವಾಗಿ ವಾರಗಳೇ ಆಗಿರುತ್ತವೆ. 12 ವಾರ ಕೊಡಿ, ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡು ವಾರಕ್ಕೊಮ್ಮೆ ಫೋಟೋ ತೆಗೆಯಿರಿ, ಒಂದೇ ಬಲ್ಬಿನ ಕೆಳಗೆ. ನಮ್ಮ ಮಳೆಗಾಲದ ಬೆಳಕನ್ನು ನಂಬುವಂತಿಲ್ಲ. ಹೆಣ್ಣುಮಕ್ಕಳು ಮುಟ್ಟಿನ ಚಕ್ರದ ಅದೇ ದಿನಗಳನ್ನು ಹೋಲಿಸಿ. ಆಳದಲ್ಲಿ ಗಟ್ಟಿ ಗಂಟು, ನೋವು ಇದ್ದರೆ ಮಾತ್ರ ಊಟದ ಪರೀಕ್ಷೆಗೆ ಕಾಯಬೇಡಿ, ಆ ವಾರವೇ ಚರ್ಮವೈದ್ಯರಿಗೆ ತೋರಿಸಿ. ಅದು ಉಳಿಸುವ ಕುಳಿ ಯಾವ ಪಥ್ಯಕ್ಕೂ ತುಂಬುವುದಿಲ್ಲ.