ಹೊಳೆಯಲ್ಲಿ ಸಿಕ್ಕ ಕಪ್ಪು ಕಲ್ಲು ಯಾವುದು? ಬಣ್ಣ ನೋಡಿ ಹೇಳಬೇಡಿ

[ಅಂಗೈ ಮೇಲೆ ಒದ್ದೆ ಕಲ್ಲು, ತೀರಾ ಹತ್ತಿರದಿಂದ]

ನಮಸ್ಕಾರ. ಈ ಕಲ್ಲು ನೋಡಿ, ಈಗಷ್ಟೇ ನೀರಿಂದ ಎತ್ತಿದ್ದು. ಎಣ್ಣೆ ಹಚ್ಚಿದ ಹಾಗೆ ಕರ್ರಗೆ ಮಿಂಚುತ್ತಿದೆ ಅಲ್ವಾ? ಸ್ವಲ್ಪ ಹೊತ್ತು ಬಿಸಿಲಿಗೆ ಇಡೋಣ.

[ಅದೇ ಕಲ್ಲು, ಒಣಗಿದ ಮೇಲೆ]

ಈಗ ಬರೀ ಬೂದು! ಒಣ ಕಲ್ಲಿನ ಮೈ ಮೇಲಿರುವ ಕಣ್ಣಿಗೆ ಕಾಣದ ತರಿಗಳು ಬೆಳಕನ್ನು ಎಲ್ಲ ಕಡೆ ಚದುರಿಸುತ್ತವೆ, ನೀರು ಆ ತರಿಗಳನ್ನು ತುಂಬಿಕೊಂಡಾಗ ಚದುರುವುದು ಕಡಿಮೆಯಾಗಿ ಕಪ್ಪಾಗಿ ಕಾಣುತ್ತದೆ. ಅದಕ್ಕೇ ಮೊದಲು ಒಣಗಿಸಿ.

ನುಣುಪು ನೋಡಿಯೂ ಹೆಸರು ಹೇಳೋಕಾಗಲ್ಲ. ನೀರೇ ಕಲ್ಲನ್ನು ಸವೆಸಿತು ಅಂದುಕೊಳ್ಳುತ್ತೇವೆ, ಆದರೆ ಜಾಸ್ತಿ ಕೆಲಸ ಮಾಡಿದ್ದು ಆ ನೀರು ಹೊತ್ತು ತಂದ ಮರಳು ಮತ್ತು ಬೇರೆ ಕಲ್ಲುಗಳು. ಉರುಳಿ, ಗುದ್ದಾಡಿ, ಮೊದಲು ಮೂಲೆಗಳು ಹೋಗುತ್ತವೆ. ಯಾವ ಕಲ್ಲಾದರೂ ಅಷ್ಟೇ.

ಹಾಗಾದರೆ ಏನು ನೋಡಬೇಕು? ಒಂದು ಸ್ಟೀಲ್ ಚಾಕು ತಗೊಳ್ಳಿ, ಕಲ್ಲಿನ ಮೇಲೆ ಒತ್ತಿ ಗೀರಿ.

[ಚಾಕುವಿನ ತುದಿ, ಕಲ್ಲಿನ ಮೇಲೆ ಬೆಳ್ಳಿ ಬಣ್ಣದ ಗೆರೆ]

ಗೆರೆ ಬಂತು. ನಿಲ್ಲಿ, ಇಲ್ಲೇ ತುಂಬಾ ಜನ ಎಡವುವುದು. ಅದರ ಮೇಲೆ ಉಗುರು ಆಡಿಸಿ. ಉಗುರಿಗೆ ಏನೂ ತಡೆಯಲಿಲ್ಲ ಅಂದರೆ ಕಲ್ಲು ಗೀರಿಲ್ಲ, ಕಲ್ಲೇ ಚಾಕುವನ್ನು ಸವೆಸಿದೆ, ಆ ಗೆರೆ ಚಾಕುವಿನ ಲೋಹ. ಇದು ಚರ್ಟ್ ಇರಬಹುದು, ಅಂದರೆ ಸಿಲಿಕಾದಿಂದ ಆದ ತುಂಬಾ ಗಟ್ಟಿ ಕಲ್ಲು. ಗಡಸುತನ ಹತ್ತರ ಅಳತೆಯಲ್ಲಿ (ಮೋಸ್ ಮಾಪಕ) ಸುಮಾರು 7, ಗಾಜನ್ನೂ ಸುಲಭವಾಗಿ ಗೀರುತ್ತದೆ. ಒಡೆದ ಕಡೆ ಚಿಪ್ಪಿನ ಒಳಮೈ ಥರ ನಯವಾಗಿ ಬಾಗಿರುತ್ತದೆ.

ಚಾಕುವಿಗೆ ಸುಲಭವಾಗಿ ಗೀರಿ ಬಿಳಿ ಪುಡಿ ಬಂದರೆ, ಅದರ ಮೇಲೆ ಒಂದು ಹನಿ ವಿನೆಗರ್ ಹಾಕಿ. ಸಣ್ಣಗೆ ನೊರೆ ಎದ್ದರೆ ಕಪ್ಪು ಸುಣ್ಣದ ಕಲ್ಲು. ಬಿಲ್ಲೆಯ ಹಾಗೆ ಚಪ್ಪಟೆ, ಅಂಚಿನಲ್ಲಿ ಪದರ ಪದರ ಕಂಡರೆ ಸ್ಲೇಟು.

ಲಾವಾ ತಣಿದು ಆಗುವ ಬಸಾಲ್ಟ್ ಕಲ್ಲು ನನಗೆ ತುಂಬಾ ಇಷ್ಟ. ಭೂತಗನ್ನಡಿಯಲ್ಲಿ ನೋಡಿ, ಸಣ್ಣ ಸಣ್ಣ ತೂತು, ಕೆಲವು ಕಡೆ ಬಿಳಿ ಚುಕ್ಕೆ. ಲಾವಾ ಗಟ್ಟಿಯಾಗುವಾಗ ಗ್ಯಾಸ್ ಗುಳ್ಳೆಗಳು ಒಳಗೇ ಸಿಕ್ಕಿಕೊಂಡು ಉಳಿದ ಜಾಗ ಆ ತೂತು, ಬಿಳಿ ಚುಕ್ಕೆ ಇರುವ ಕಡೆ ಆಮೇಲೆ ಬೇರೆ ಖನಿಜಗಳು ಬಂದು ತುಂಬಿಕೊಂಡಿವೆ.

ಮ್ಯಾಗ್ನೆಟ್ ಅಂಟಿತು, ಹಾಗಾದರೆ ಉಲ್ಕೆನಾ? ಅಂತ ತುಂಬಾ ಜನ ಕೇಳುತ್ತಾರೆ. ಬಸಾಲ್ಟ್‌ನಲ್ಲೂ ಮ್ಯಾಗ್ನಟೈಟ್ ಅನ್ನುವ ಕಬ್ಬಿಣದ ಖನಿಜ ಇರುತ್ತದೆ, ಅದೂ ಮ್ಯಾಗ್ನೆಟನ್ನು ಎಳೆಯುತ್ತದೆ. ಅಷ್ಟಕ್ಕೇ ಉಲ್ಕೆ ಅನ್ನೋಕಾಗಲ್ಲ. ಗಾತ್ರಕ್ಕಿಂತ ಭಾರ ಜಾಸ್ತಿ ಅನಿಸಿದರೆ ಟೈಲ್ಸ್‌ನ ಹಿಂದಿನ ಒರಟು ಭಾಗಕ್ಕೆ ಉಜ್ಜಿ, ಕೆಂಪು ಗೆರೆ ಬಂದರೆ ಹೆಮಟೈಟ್, ಅಂದರೆ ಕಬ್ಬಿಣದ ಅದಿರು.

ಇನ್ನೊಂದು ವಿಷಯ. ಕೆಲವು ಕಲ್ಲು ಕಪ್ಪೇ ಅಲ್ಲ, ಮ್ಯಾಂಗನೀಸ್ ಮತ್ತು ಕಬ್ಬಿಣದ ತೆಳು ಲೇಪ ಕೂತಿರುತ್ತದೆ.

[ಅಂಚು ಮುರಿದ ಕಲ್ಲು: ಹೊರಗೆ ಕಪ್ಪು, ಒಳಗೆ ಬಿಳಿ]

ಇದು ಬೆಣಚುಕಲ್ಲು!