ಸರಾಸರಿಯ ಮೇಲಿನ ಆ ಸಣ್ಣ ಗೆರೆ

ಎಲ್ಲರಿಗೂ ನಮಸ್ಕಾರ.

ಇವತ್ತು ನಾನು ಮಾತಾಡುವುದು ಒಂದು ಸಣ್ಣ ಗೆರೆಯ ಬಗ್ಗೆ. ಗ್ರಾಫಿನಲ್ಲಿ ಗುಂಪಿನ ಸರಾಸರಿಗೆ ಒಂದು ಕಂಬವನ್ನೋ ಚುಕ್ಕಿಯನ್ನೋ ಹಾಕುತ್ತೇವೆ. ಅದರಿಂದ ಮೇಲಕ್ಕೂ ಕೆಳಕ್ಕೂ ಒಂದು ಗೆರೆ ಚಾಚಿಕೊಂಡಿರುತ್ತದೆ, ಎರಡು ತುದಿಯಲ್ಲೂ ಪುಟ್ಟ ಅಡ್ಡಗೆರೆ. ಅದೇ ಎರರ್ ಬಾರ್. ನಿಮ್ಮಲ್ಲಿ ಹೆಚ್ಚಿನವರು ಒಮ್ಮೆಯಾದರೂ ಇದನ್ನು ಹಾಕಿರುತ್ತೀರಿ. ಆದರೆ ‘ಈ ಗೆರೆ ಏನನ್ನು ತೋರಿಸುತ್ತಿದೆ?’ ಅಂತ ಕೇಳಿದರೆ ಎಷ್ಟೋ ಜನ ತಡವರಿಸುತ್ತಾರೆ. ಸಾಫ್ಟ್‌ವೇರ್ ಹಾಕಿಕೊಟ್ಟಿತು, ಹಾಗಾಗಿ ಇದೆ ಅನ್ನುತ್ತಾರೆ. ಅಷ್ಟು ಸಾಲದು. ಅದು ಯಾವ ಗೆರೆ ಅಂತ ನಾವೇ ತೀರ್ಮಾನ ಮಾಡಬೇಕು, ಚಿತ್ರದ ಕೆಳಗೆ ಬರೆದೂ ಇಡಬೇಕು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಅಂಕಿಗಳು ಲೆಕ್ಕಕ್ಕೆ ಸುಲಭವಾಗಲಿ ಅಂತ ನಾನೇ ಆರಿಸಿದ್ದು. ಒಂದು ಗುಂಪಿನಲ್ಲಿ 16 ಗಿಡ. ಸರಾಸರಿ ಎತ್ತರ 50 ಸೆಂಟಿಮೀಟರ್. ಸ್ಟ್ಯಾಂಡರ್ಡ್ ಡೀವಿಯೇಷನ್, ಅಂದರೆ ಪಠ್ಯಪುಸ್ತಕದ ಮಾನಕ ವಿಚಲನೆ, 8. ಈಗ ಗೆರೆ ಎಷ್ಟು ಉದ್ದ ಇರಬೇಕು?

ಮೂರು ಉತ್ತರ ಇವೆ, ಮೂರೂ ಸರಿ. ಸ್ಟ್ಯಾಂಡರ್ಡ್ ಡೀವಿಯೇಷನ್ ತೋರಿಸುವುದಾದರೆ ಗೆರೆ ಎರಡೂ ಕಡೆ 8 ಚಾಚುತ್ತದೆ. ಗಿಡಗಳು ಒಂದಕ್ಕೊಂದು ಎಷ್ಟು ಬೇರೆ ಬೇರೆ ಇವೆ ಅನ್ನುವುದನ್ನು ಅದು ಹೇಳುತ್ತದೆ. ಸ್ಟ್ಯಾಂಡರ್ಡ್ ಎರರ್ ಬೇಕು ಅಂದರೆ 8ನ್ನು 16ರ ವರ್ಗಮೂಲದಿಂದ ಭಾಗಿಸಬೇಕು. 2 ಬರುತ್ತದೆ. ಇದು ಗಿಡಗಳ ಮಾತಲ್ಲ, ಸರಾಸರಿಯ ಮಾತು. ಇನ್ನೊಮ್ಮೆ ಇಂಥದ್ದೇ 16 ಗಿಡ ಬೆಳೆಸಿದರೆ ಸರಾಸರಿ ಎಷ್ಟು ಆಚೀಚೆ ಆಗಬಹುದು ಅನ್ನುವ ಅಂದಾಜು. ಮೂರನೆಯದು ಶೇ. 95ರ ಕಾನ್ಫಿಡೆನ್ಸ್ ಇಂಟರ್ವಲ್. ಆ 2ನ್ನು 2.13ರಿಂದ ಗುಣಿಸಿದರೆ ಸುಮಾರು 4.3. ಹೀಗೆ ಲೆಕ್ಕ ಹಾಕಿದ ಇಂಟರ್ವಲ್‌ಗಳು, ಪ್ರಯೋಗವನ್ನು ಮತ್ತೆ ಮತ್ತೆ ಮಾಡುತ್ತಾ ಹೋದರೆ, ನೂರರಲ್ಲಿ ಸುಮಾರು 95 ಸಲ ನಿಜವಾದ ಸರಾಸರಿಯನ್ನು ಒಳಗಿಟ್ಟುಕೊಂಡಿರುತ್ತವೆ.

8, 2, 4.3. ಡೇಟಾ ಒಂದೇ. ಗಿಡಗಳನ್ನು 16ರಿಂದ 64ಕ್ಕೆ ಏರಿಸಿದರೆ ಏನಾಗುತ್ತದೆ ನೋಡಿ. ಸ್ಟ್ಯಾಂಡರ್ಡ್ ಡೀವಿಯೇಷನ್ ಹೆಚ್ಚುಕಡಿಮೆ 8ರಲ್ಲೇ ನಿಲ್ಲುತ್ತದೆ. ಗಿಡಗಳ ಸ್ವಭಾವ ಬದಲಾಗುವುದಿಲ್ಲ, ಅಲ್ವಾ? ಸ್ಟ್ಯಾಂಡರ್ಡ್ ಎರರ್ ಮಾತ್ರ 1ಕ್ಕೆ ಇಳಿಯುತ್ತದೆ. ಅದಕ್ಕೇ ‘ಗೆರೆ ಚಿಕ್ಕದಾಗಿ ಚೆನ್ನಾಗಿ ಕಾಣುತ್ತದೆ’ ಅಂತ ಸ್ಟ್ಯಾಂಡರ್ಡ್ ಎರರ್ ಆರಿಸುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಓದುವವರು ಅದನ್ನು ಗಿಡಗಳ ನಡುವಿನ ವ್ಯತ್ಯಾಸ ಅಂದುಕೊಂಡು ಮೋಸ ಹೋಗುತ್ತಾರೆ.

ಆ 2.13 ಎಲ್ಲಿಂದ ಬಂತು ಅಂತ ಕೇಳಬಹುದು. ದೊಡ್ಡ ಗುಂಪಿಗೆ 1.96 ಸಾಕು. ಚಿಕ್ಕ ಗುಂಪಿಗೆ ಸಾಲದು. ಗಿನ್ನೆಸ್ ಬ್ರೂವರಿಯಲ್ಲಿ ಕೆಲಸ ಮಾಡುತ್ತಿದ್ದ ವಿಲಿಯಂ ಗಾಸೆಟ್ 1908ರಲ್ಲಿ ‘ಸ್ಟೂಡೆಂಟ್’ ಅನ್ನುವ ಹೆಸರಿನಲ್ಲಿ ಬರೆದ ಲೇಖನ ಇದೇ ತೊಂದರೆಯ ಬಗ್ಗೆ. ಅಲ್ಲಿಂದ ಬೆಳೆದದ್ದೇ ಟಿ ಡಿಸ್ಟ್ರಿಬ್ಯೂಷನ್. 16 ಗಿಡಕ್ಕೆ 2.13 ಅನ್ನುವುದು ಅದರಿಂದಲೇ ಸಿಗುತ್ತದೆ. ನಾಲ್ಕೇ ಗಿಡ ಇದ್ದರೆ 3.18ರಿಂದ ಗುಣಿಸಬೇಕು. ಮೂರೇ ಇದ್ದರೆ 4.30. ಪ್ರಯೋಗವನ್ನು ಮೂರೇ ಸಲ ಮಾಡಿ, ಸ್ಟ್ಯಾಂಡರ್ಡ್ ಎರರ್ ಹಾಕಿದ ಗ್ರಾಫ್‌ಗಳನ್ನು ಎಷ್ಟೋ ನೋಡುತ್ತೇವೆ. ಅಲ್ಲಿ ಶೇ. 95ರ ಗೆರೆ ಕಾಣುವ ಗೆರೆಗಿಂತ ನಾಲ್ಕು ಪಟ್ಟಿಗೂ ಜಾಸ್ತಿ ಉದ್ದ ಇರುತ್ತದೆ. ಇದನ್ನು ದಯವಿಟ್ಟು ನೆನಪಿಡಿ.

ಈಗ ಸಾಫ್ಟ್‌ವೇರ್ ಕಡೆ ಬರೋಣ. ಆರ್‌ನಲ್ಲಿ ಗ್ರಾಫ್ ಮಾಡಲು ಜಿಜಿಪ್ಲಾಟ್2 ಪ್ಯಾಕೇಜ್ ಬಳಸುವವರು ‘ಸ್ಟ್ಯಾಟ್ ಸಮ್ಮರಿ’ ಅಂತ ಸುಮ್ನೆ ಬರೆದುಬಿಟ್ಟರೆ, ಅದು ಸರಾಸರಿಯ ಎರಡೂ ಕಡೆ ಒಂದು ಸ್ಟ್ಯಾಂಡರ್ಡ್ ಎರರ್ ಹಾಕುತ್ತದೆ. ಪೈಥಾನ್‌ನ ಸೀಬಾರ್ನ್‌ನಲ್ಲಿ ‘ಬಾರ್‌ಪ್ಲಾಟ್’ ಕೊಟ್ಟರೆ ಶೇ. 95ರ ಇಂಟರ್ವಲ್ ಬರುತ್ತದೆ. ಅದೂ ಸೂತ್ರದಿಂದಲ್ಲ. ಇರುವ ಡೇಟಾದಿಂದಲೇ 1000 ಸಲ ಮತ್ತೆ ಮತ್ತೆ ಆರಿಸಿ, ಬೂಟ್‌ಸ್ಟ್ರ್ಯಾಪ್ ಮಾಡಿ ಲೆಕ್ಕ ಹಾಕುತ್ತದೆ. ಸೀಡ್, ಅಂದರೆ ಆ ಆಯ್ಕೆ ಎಲ್ಲಿಂದ ಶುರುವಾಗಬೇಕು ಅನ್ನುವ ಅಂಕಿ, ಕೊಡದಿದ್ದರೆ ಗೆರೆ ಪ್ರತಿ ಸಲ ಕೂದಲೆಳೆಯಷ್ಟು ಬದಲಾಗುತ್ತದೆ. ಗಾಬರಿ ಬೇಡ. ಹಾಗಾಗಿ ಇಬ್ಬರು ಗೆಳೆಯರು ಒಂದೇ ಡೇಟಾ ಹಂಚಿಕೊಂಡು, ಒಬ್ಬರು ಇದರಲ್ಲಿ ಇನ್ನೊಬ್ಬರು ಅದರಲ್ಲಿ ಗ್ರಾಫ್ ಮಾಡಿದರೆ, ಒಬ್ಬರ ಗೆರೆ ಇನ್ನೊಬ್ಬರದಕ್ಕಿಂತ ಹತ್ತಿರ ಹತ್ತಿರ ಎರಡು ಪಟ್ಟು ಬರುತ್ತದೆ. ಯಾರೂ ತಪ್ಪು ಮಾಡಿಲ್ಲ. ಅದು ಯಾವ ಗೆರೆ ಅಂತ ಇಬ್ಬರೂ ಕೇಳಲಿಲ್ಲ, ಅಷ್ಟೇ.

ಎಕ್ಸೆಲ್ ಬಳಸುವವರು ಇನ್ನೂ ಎಚ್ಚರ ಇರಬೇಕು. ಅಲ್ಲಿ ನಾವು ಸಾಮಾನ್ಯವಾಗಿ ಮೊದಲು ಸರಾಸರಿ ತೆಗೆದು, ಆ ಸರಾಸರಿಗಳಿಂದಲೇ ಚಾರ್ಟ್ ಮಾಡುತ್ತೇವೆ. ಆಮೇಲೆ ಎರರ್ ಬಾರ್ ಪಟ್ಟಿಯಲ್ಲಿ ‘ಸ್ಟ್ಯಾಂಡರ್ಡ್ ಎರರ್’ ಒತ್ತುತ್ತೇವೆ. ಚಾರ್ಟಿಗೆ ಕಾಣುವುದು ಆ ಮೂರು ನಾಲ್ಕು ಸರಾಸರಿ ಮಾತ್ರ. ಹಿಂದಿನ ಗಿಡಗಳು ಅದಕ್ಕೆ ಗೊತ್ತೇ ಇಲ್ಲ. ಆ ಸರಾಸರಿಗಳಿಂದಲೇ ಒಂದು ಅಂಕಿ ಲೆಕ್ಕ ಹಾಕಿ ಎಲ್ಲ ಕಂಬಕ್ಕೂ ಅದನ್ನೇ ಅಂಟಿಸುತ್ತದೆ. ಎಲ್ಲ ಗುಂಪಿನ ಗೆರೆಯೂ ಅಚ್ಚುಹಾಕಿದ ಹಾಗೆ ಒಂದೇ ಉದ್ದ ಇದ್ದರೆ ಮೊದಲು ಇದನ್ನು ಅನುಮಾನಿಸಿ. ಪ್ರತಿ ಗುಂಪಿನ ಲೆಕ್ಕವನ್ನು ಬೇರೆ ಸೆಲ್‌ಗಳಲ್ಲಿ ಮಾಡಿಕೊಂಡು, ‘ಕಸ್ಟಮ್’ ಆಯ್ಕೆಯಲ್ಲಿ ಆ ಸೆಲ್‌ಗಳನ್ನು ತೋರಿಸಬೇಕು.

ಆರ್‌ನಲ್ಲೂ ಎಡವುವ ಜಾಗಗಳಿವೆ. ಗ್ರಾಫ್ ದೊಡ್ಡದಾಗಿ ಕಾಣಲಿ ಅಂತ ‘ವೈಲಿಮ್’ ಹಾಕಿ ಲಂಬ ಅಕ್ಷಕ್ಕೆ 40ರಿಂದ 70ರ ಮಿತಿ ಇಟ್ಟಿರಿ ಅನ್ನಿ. ಅದು ಬರೀ ಹತ್ತಿರ ತೋರಿಸುವುದಿಲ್ಲ. 40ಕ್ಕಿಂತ ಕುಳ್ಳಗಿನ ಗಿಡಗಳನ್ನು ಡೇಟಾದಿಂದಲೇ ಎತ್ತಿ ಎಸೆದು, ಉಳಿದವುಗಳ ಸರಾಸರಿ ತೆಗೆಯುತ್ತದೆ. ಸರಾಸರಿ ಮೇಲೆ ಹೋಗುತ್ತದೆ, ಗೆರೆಯೂ ಬದಲಾಗುತ್ತದೆ. ‘ಇಷ್ಟು ಸಾಲು ತೆಗೆದಿದ್ದೇನೆ’ ಅಂತ ಒಂದು ಎಚ್ಚರಿಕೆ ಬರುತ್ತದೆ, ನಿಜ. ಓದುವವರು ಕಡಿಮೆ. ಇದರ ಬದಲು ‘ಕೋಆರ್ಡ್ ಕಾರ್ಟೀಸಿಯನ್’ ಬಳಸಿದರೆ ಡೇಟಾ ಹಾಗೇ ಇರುತ್ತದೆ, ನೋಟ ಮಾತ್ರ ಹತ್ತಿರ ಬರುತ್ತದೆ.

ಇನ್ನೊಂದು ನಾನೇ ಮಾಡಿದ ತಪ್ಪು. ಸ್ಟ್ಯಾಂಡರ್ಡ್ ಎರರ್ ಲೆಕ್ಕಕ್ಕೆ ಗುಂಪಿನ ಗಾತ್ರ ಬೇಕಲ್ಲ, ಅದಕ್ಕೆ ‘ಲೆಂತ್’ ಬಳಸಿದ್ದೆ. ಅದು ಖಾಲಿ ಬಿಟ್ಟ ಅಳತೆಗಳನ್ನೂ ಎಣಿಸುತ್ತದೆ. 16ರಲ್ಲಿ 4 ಖಾಲಿ ಇದ್ದರೂ 16 ಅನ್ನುತ್ತದೆ. ಗೆರೆ ಚಿಕ್ಕದಾಗುತ್ತದೆ, ಯಾವ ಎಚ್ಚರಿಕೆಯೂ ಬರುವುದಿಲ್ಲ. ವಾರಗಟ್ಟಲೆ ಅದೇ ಗ್ರಾಫನ್ನು ನಂಬಿ ಕೂತಿದ್ದೆ.

ಇನ್ನು ಎಲ್ಲರೂ ಕೇಳುವ ಪ್ರಶ್ನೆ. ಎರಡು ಗುಂಪಿನ ಗೆರೆಗಳು ಒಂದರ ಮೇಲೊಂದು ಹತ್ತಿದರೆ ವ್ಯತ್ಯಾಸ ಇಲ್ಲ ಅಂತಲೇ? ನಮ್ಮ ಗಿಡಗಳಿಗೇ ಹೋಗೋಣ. ಎರಡನೇ ಗುಂಪಿನಲ್ಲೂ 16 ಗಿಡ, ಡೀವಿಯೇಷನ್ 8, ಸರಾಸರಿ 56. ಶೇ. 95ರ ಗೆರೆಗಳನ್ನು ಹಾಕಿ. ಮೊದಲನೆಯದರ ಮೇಲ್ತುದಿ 54.3. ಎರಡನೆಯದರ ಕೆಳತುದಿ 51.7. ಒಂದರ ಮೇಲೊಂದು ಚೆನ್ನಾಗಿಯೇ ಹತ್ತಿವೆ. ಆದರೆ ಎರಡು ಸರಾಸರಿಗಳನ್ನು ಹೋಲಿಸುವ ಟಿ ಟೆಸ್ಟ್ ಮಾಡಿದರೆ ಪಿ ಬೆಲೆ, ಅಂದರೆ ನಿಜಕ್ಕೂ ವ್ಯತ್ಯಾಸ ಇಲ್ಲದಿದ್ದರೂ ಇಷ್ಟು ಅಥವಾ ಇನ್ನೂ ದೊಡ್ಡ ಅಂತರ ಕಾಣುವ ಸಂಭವ, ಸುಮಾರು 0.04. ವಾಡಿಕೆಯ ಗಡಿಯಾದ 0.05ಕ್ಕಿಂತ ಕೆಳಗೆ. ಕಾರಣ ಸರಳ. ಎರಡು ಸರಾಸರಿಗಳ ವ್ಯತ್ಯಾಸದ ಸ್ಟ್ಯಾಂಡರ್ಡ್ ಎರರ್ 2 ಮತ್ತು 2 ಕೂಡಿ 4 ಆಗುವುದಿಲ್ಲ. ಎರಡರ ವರ್ಗಗಳನ್ನು ಕೂಡಿ ವರ್ಗಮೂಲ ತೆಗೆಯಬೇಕು, ಸುಮಾರು 2.8 ಬರುತ್ತದೆ. ಗೆರೆಗಳನ್ನು ಕಣ್ಣಲ್ಲಿ ಹೋಲಿಸುವಾಗ ನಾವು ಸುಮ್ಮನೆ ಕೂಡಿಬಿಡುತ್ತೇವೆ.

ಸ್ಟ್ಯಾಂಡರ್ಡ್ ಎರರ್ ಗೆರೆಯಲ್ಲಿ ಇದು ತಿರುಗುಮುರುಗು. ಎರಡನೇ ಸರಾಸರಿ 54.5 ಇದ್ದರೆ ಗೆರೆಗಳು 52ರಲ್ಲಿ ಮುಗಿದು 52.5ರಲ್ಲಿ ಶುರುವಾಗುತ್ತವೆ. ಮುಟ್ಟುವುದೇ ಇಲ್ಲ. ಆದರೂ ಪಿ ಬೆಲೆ 0.1ಕ್ಕಿಂತ ಮೇಲೆ. ಗುಂಪು ತೀರಾ ಚಿಕ್ಕದಲ್ಲದಿದ್ದರೆ, ನಡುವೆ ಸುಮಾರು ಒಂದು ಸ್ಟ್ಯಾಂಡರ್ಡ್ ಎರರ್‌ನಷ್ಟು ಜಾಗ ಇದ್ದಾಗ ಪಿ 0.05ರ ಆಸುಪಾಸಿಗೆ ಬರುತ್ತದೆ. ಹಾಗಾಗಿ ನಿಮಗೆ ಬೇಕಿರುವುದು ವ್ಯತ್ಯಾಸವೇ ಆದರೆ, ವ್ಯತ್ಯಾಸಕ್ಕೇ ಒಂದು ಚುಕ್ಕಿ, ಒಂದು ಗೆರೆ ಹಾಕಿ ಪಕ್ಕದಲ್ಲಿ ತೋರಿಸಿ. ನನಗೆ ತುಂಬಾ ಇಷ್ಟವಾದ ಚಿತ್ರ ಅದು.

ಗುಂಪು ಚಿಕ್ಕದಿದ್ದರೆ ಕಂಬ ಬೇಡವೇ ಬೇಡ. ಪ್ರತಿ ಅಳತೆಗೂ ಒಂದೊಂದು ಚುಕ್ಕಿ, ಮೇಲೆ ಸರಾಸರಿ ಮತ್ತು ಗೆರೆ. 16 ಗಿಡಗಳಲ್ಲಿ ಒಂದೇ ಒಂದು ದೈತ್ಯ ಗಿಡ ಸರಾಸರಿಯನ್ನು ಎಳೆದಿದ್ದರೆ ಕಂಬದಲ್ಲಿ ಅದು ಕಾಣುವುದಿಲ್ಲ.

ಕೊನೆಯದಾಗಿ, ಒಂದೇ ಜನರನ್ನು ಮೊದಲೊಮ್ಮೆ, ಆಮೇಲೊಮ್ಮೆ ಅಳೆದ ಡೇಟಾ. ಹತ್ತು ಜನ. ಒಬ್ಬರು ಮೊದಲಿನಿಂದಲೂ ಎತ್ತರದಲ್ಲಿ, ಒಬ್ಬರು ತಗ್ಗಿನಲ್ಲಿ. ಆದರೆ ಎಲ್ಲರೂ ಸರಿಸುಮಾರು 3 ಅಂಕ ಏರಿದ್ದಾರೆ. ಮಾಮೂಲಿ ಗೆರೆ ಹಾಕಿದರೆ ಜನರ ನಡುವಿನ ವ್ಯತ್ಯಾಸವೇ ಗೆರೆಯನ್ನು ತುಂಬಿಬಿಡುತ್ತದೆ, ಆ ಏರಿಕೆ ಮುಳುಗಿಹೋಗುತ್ತದೆ. ಇದಕ್ಕೆಂದೇ 2005ರಲ್ಲಿ ಕುಸಿನೋ ಒಂದು ವಿಧಾನ ಕೊಟ್ಟರು. ಪ್ರತಿಯೊಬ್ಬರ ಸ್ವಂತ ಸರಾಸರಿಯನ್ನು ಕಳೆದು, ಎಲ್ಲರ ಸರಾಸರಿಯನ್ನು ಕೂಡಿಸಿ, ಆಮೇಲೆ ಗೆರೆ ಹಾಕುವುದು. ಹಾಗೆ ಮಾಡಿದರೆ ಗೆರೆ ಇರಬೇಕಾದ್ದಕ್ಕಿಂತ ಚಿಕ್ಕದಾಗುತ್ತದೆ ಅಂತ 2008ರಲ್ಲಿ ಮೋರಿ ತಿದ್ದಿದರು. ಎರಡೇ ಅಳತೆ ಇದ್ದರೆ ಅಷ್ಟೂ ಬೇಡ. ಪ್ರತಿಯೊಬ್ಬರ ಎರಡು ಚುಕ್ಕಿಗಳನ್ನು ಒಂದು ತೆಳು ಗೆರೆಯಿಂದ ಜೋಡಿಸಿ. ಹತ್ತು ಗೆರೆ, ಹತ್ತೂ ಮೇಲಕ್ಕೆ. ಪಕ್ಕದಲ್ಲಿ ಏರಿಕೆಯ ಸರಾಸರಿ, ಅದರ ಶೇ. 95ರ ಇಂಟರ್ವಲ್.

ಈಗ ನಿಮ್ಮ ನಿಮ್ಮ ಗ್ರಾಫ್ ತೆರೆಯಿರಿ. ಗೆರೆ ಯಾವುದು ಅಂತ ಮೊದಲು ಹೇಳಿ, ಅಲ್ಲಿಂದ ಶುರು ಮಾಡೋಣ.